ಅತ್ತೆಯ ಕಾಲ್ಮರಿ ಮತ್ತು ನೀರೊಳಗಿನ ಗುಡಿ

ಬಸವನ ಬಾಗೇವಾಡಿ, ಸೋಮವಾರ ಬೆಳಗ್ಗೆ

ಎಂದಿನಂತೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಹಾಕಿದೆ. ಹಾಲು ಒಲೆಗಿಟ್ಟೆ. ಅದು ಕಾಯುವಷ್ಟರಲ್ಲಿ ಅತ್ತೆಯ ಬೂದು ಬಣ್ಣದ ಪಾದರಕ್ಷೆಗಳನ್ನು ಸಾಬೂನು ಹಚ್ಚಿ ತಿಕ್ಕಿ ತೊಳೆದು ಕಾಂಪೌಂಡಿನ ಗೋಡೆಯ ಮೇಲೆ ಒಣಗಲು ಇಟ್ಟೆ. ಬಟ್ಟೆ ಮತ್ತು ರಬ್ಬರಿನವು, ಚರ್ಮ ಎಲ್ಲೂ ಇಲ್ಲ. ಲೇಸಿನ ಬದಲು ಪರ್ ಎಂದು ಸದ್ದು ಮಾಡಿ ಬಿಚ್ಚಿಕೊಳ್ಳುವ ಪಟ್ಟಿಗಳಿವೆ. ನೋಡಲು ಅಂದವೇನಿಲ್ಲ, ಆದರೆ ಫ್ರಾನ್ಸಿನಿಂದ ನಾವು ತಂದ ಸಾಮಾನಿನಲ್ಲಿ ಬಂದವರೆಲ್ಲ ಎತ್ತಿ ನೋಡಿದ್ದು ಇವನ್ನೇ.

ಪಕ್ಕದ ಮನೆಯ ಮಾಬೂಬಿ ಕಾಕಿ ಗೋಡೆಯಾಚೆಯಿಂದ ಹೆಪ್ಪಿನ ಮೊಸರಿನ ಬಟ್ಟಲು ಕೊಟ್ಟರು. ನಾವಿಲ್ಲದಾಗ ನಮ್ಮ ಮನೆಯ ಹೆಪ್ಪು ಅವರ ಮನೆಯಲ್ಲೇ ಜೀವ ಹಿಡಿದಿತ್ತು. ನಾನು ಹೊತ್ತಾಯಿತೆಂದು ಒಳಗೆ ಬಂದೆ. ಅತ್ತೆ ಲಿಂಗಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತು ತಾಟಿನಲ್ಲಿ ಬಿಲ್ವಪತ್ರೆ ಆರಿಸುತ್ತಿದ್ದರು.

"ಸರೋಜಾ, ನಡಿ ಇನ್ನ. ಮಂದಿ ಕೂಡೂದ್ರಾಗ ಬಂದ ಬಿಡೂಣು."

ಸೋಮವಾರ ಬಸವಣ್ಣನ ಗುಡಿಗೆ ಹೋಗುವುದು ನಾನು ಸೊಸೆಯಾಗಿ ಬರುವುದಕ್ಕಿಂತ ಮುಂಚಿನ ರೂಢಿ. ಆದರೆ ಎರಡು ವರ್ಷದಿಂದ ಅತ್ತೆ ಗುಡಿಯ ಬಾಗಿಲ ತನಕ ಮಾತ್ರ ಬರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ. ಒಂದು ಬೇಸಿಗೆಯಲ್ಲಿ ಕಾದ ಕಲ್ಲಿನ ಮೇಲೆ ನಡೆದು ಅಂಗಾಲು ಬೊಬ್ಬೆಯೆದ್ದದ್ದು ಅವರಿಗೆ ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಎಡಗಾಲಿನ ಕಿರುಬೆರಳು ಹೋಗಿತ್ತು. ಇನ್ನೊಂದು ಗಾಯವಾದರೆ ಬೆರಳಿಗೆ ನಿಲ್ಲುವುದಿಲ್ಲ, ಬರಿಗಾಲಲ್ಲಿ ಮನೆಯೊಳಗೂ ನಡೆಯಕೂಡದು ಎಂದು ಡಾಕ್ಟರು ಹೇಳಿದರು. ಸಿಂದಗಿಯಲ್ಲಿ ನನ್ನ ತವರಿನ ಓಣಿಯವರೊಬ್ಬರು ಅಳತೆ ತೆಗೆದು ಮೆತ್ತನೆಯ ಚರ್ಮದ ಪಾದರಕ್ಷೆ, ನಮ್ಮ ಮಾತಿನಲ್ಲಿ ಕಾಲ್ಮರಿ, ಹೊಲಿದುಕೊಟ್ಟರು. ಎಡಗಾಲಿನದರಲ್ಲಿ ಬೆರಳಿಲ್ಲದ ಜಾಗಕ್ಕೆ ಉಣ್ಣೆ ತುಂಬಿದೆ.

ಕಾಲ್ಮರಿ ಹಾಕಿಕೊಂಡು ದೇವರ ಮುಂದೆ ನಿಲ್ಲುವುದು ಅತ್ತೆಯಿಂದ ಆಗದ ಮಾತು. ನಮ್ಮ ಯಜಮಾನರು ಒಮ್ಮೆ, "ಯವ್ವಾ, ಕೊರಳಾಗ ಲಿಂಗ ಐತಿ. ಗುಡಿಯ ಚಿಂತಿ ನಿನಗ್ಯಾಕ?" ಎಂದು ಸಮಾಧಾನ ಹೇಳಲು ಹೋದರು. "ಲಿಂಗ ನನ್ನ ಕೂಡ ಮನ್ಯಾಗ ಇರ್ತೈತಪಾ. ಗುಡ್ಯಾಗ ಮಂದಿ ಇರ್ತಾರ" ಎಂದರು ಅತ್ತೆ. ಅಂದಿನಿಂದ ಹೊರಗಿನ ಮೆಟ್ಟಿಲ ಬಳಿ ನಿಂತು ಕೈ ಮುಗಿಯುತ್ತಾರೆ. ಹೂವಿನ ಬುಟ್ಟಿ ನಾನು ಒಳಗೆ ಒಯ್ಯುತ್ತೇನೆ. ಇವತ್ತೂ ಹಾಗೆಯೇ ಆಯಿತು.

ದಾರಿಯಲ್ಲಿ ಮೂವರು ಐಫೆಲ್ ಟವರ್ ನೋಡಿದಿರಾ ಎಂದು ಕೇಳಿದರು. ನೋಡಿದೆವು. ಅದರ ಬಗ್ಗೆ ಎಲ್ಲರಿಗೂ ಮೊದಲೇ ಗೊತ್ತಿರುವುದಕ್ಕಿಂತ ಹೆಚ್ಚಿಗೆ ನನಗೆ ಏನೂ ತಿಳಿಯಲಿಲ್ಲ. ನಾನು ಬರೆಯಬೇಕೆಂದುಕೊಂಡಿರುವುದು ಬೇರೆ.

ಪ್ಯಾರಿಸ್

ಯಜಮಾನರದು ಇಂಗಳೇಶ್ವರದ ದಾರಿಯಲ್ಲಿ ದ್ರಾಕ್ಷಿ ತೋಟ. ಬೆಳೆಗಾರರು ಕೆಲವರು ಸೇರಿ ಫ್ರಾನ್ಸಿನ ತೋಟಗಳನ್ನು ನೋಡಿ ಬರುವುದೆಂದು ನಿಶ್ಚಯಿಸಿದರು. ಹೆಂಡಂದಿರೂ ಬರಬಹುದು ಎಂದಾಯಿತು. ಇಂಡಿ ತಾಲೂಕಿನ ಒಬ್ಬರ ಹೆಂಡತಿ ಕೊನೆಗೆ ಬರಲಿಲ್ಲ. ಆ ಜಾಗಕ್ಕೆ ಯಾರು ಎಂಬ ಮಾತು ನಮ್ಮ ಪಡಸಾಲೆಯಲ್ಲಿ ನಡೆದಾಗ ಅತ್ತೆ ಶೇಂಗಾ ಸುಲಿಯುತ್ತಲೇ, "ನಾ ಬರ್ತೇನಿ" ಎಂದರು. ಈಗ ಅತ್ತೆ ನಗುತ್ತಾರೆಂದು ಕಾದೆವು. ಅವರು ನಗಲಿಲ್ಲ.

ಅದಕ್ಕೆ ಕಾರಣ ನಾನೇ. ನಾನು ಕಲಿತ ಕಾನ್ವೆಂಟಿನ ತರಗತಿಯಲ್ಲಿ ಗೋಡೆಗೊಂದು ಚಿತ್ರವಿತ್ತು: ಸಮುದ್ರದ ನಡುವೆ ಒಂದು ಗುಡ್ಡ, ಗುಡ್ಡದ ತುದಿಗೆ ಇಗರ್ಜಿ. ಮಗ್ಗಿ ತಪ್ಪಿದಾಗಲೆಲ್ಲ ನಾನು ಅದನ್ನು ನೋಡುತ್ತ ನಿಲ್ಲುತ್ತಿದ್ದೆ. ಆ ಜಾಗ ಫ್ರಾನ್ಸಿನಲ್ಲಿದೆ ಎಂದು ಫೋನಿನಲ್ಲಿ ಅತ್ತೆಗೆ ತೋರಿಸಿದ್ದೆ. ಅವರ ತವರು ಮುದ್ದೇಬಿಹಾಳದ ಕಡೆಯ ತಂಗಡಗಿ, ಕೃಷ್ಣೆಯ ದಂಡೆ. ಫೋನನ್ನು ದೂರ ಹಿಡಿದು ನೋಡಿ, "ಇದು ನಮ್ಮ ನೀಲಮ್ಮನ ಗುಡಿ ಇದ್ದಾಂಗ ಐತಲ್ಲ. ಸುತ್ತಾ ನೀರು" ಎಂದಿದ್ದರು.

ಪ್ಯಾರಿಸ್ಸಿನಲ್ಲಿ ನಾವು ಮೊದಲು ಕಲಿತದ್ದು ಬೊಂಜೂರ್ ಎನ್ನುವುದನ್ನು. ಅಂಗಡಿಗೆ ಹೋಗಿ ನೇರವಾಗಿ ಬೇಕಾದ್ದನ್ನು ಕೇಳಿದರೆ ಒಳಗಿನವರು ನಮ್ಮನ್ನು ಕಂಬದಂತೆ ನೋಡುತ್ತಾರೆ. ಬೊಂಜೂರ್ ಎಂದ ಮೇಲೆ ಅದೇ ಮುಖ ಅರಳುತ್ತದೆ. ನಮ್ಮ ಕಡೆ ಒಳಗೆ ಕಾಲಿಟ್ಟ ಕೂಡಲೇ "ಏನ್ ರೇಟ್ರೀ" ಎನ್ನುವವರಿಗೆ ಇದು ಸ್ವಲ್ಪ ಕಷ್ಟ. ಅತ್ತೆ ಬೇಗ ಹಿಡಿದರು. ಹಿರಿಯರಿಗೆ ಹೇಳುವಾಗ ಮರ್ಯಾದೆ ಇರಲೆಂದು "ಬೊಂಜೂರ್ರೀ" ಎನ್ನುತ್ತಿದ್ದರು. ಯಾರೂ ಬೇಡ ಅನ್ನಲಿಲ್ಲ.

ಸಂಜೆಯಾದರೆ ಜನ ಮೊಳದುದ್ದದ ರೊಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋಗುತ್ತಾರೆ. ಮೇಲೆ ಕಾಗದ ಸುತ್ತಿದ್ದರೂ ಉಂಟು, ಇಲ್ಲದಿದ್ದರೂ ಉಂಟು. ಸೂಟು ಹಾಕಿದ ಗಂಡಸೊಬ್ಬ ದಾರಿಯಲ್ಲೇ ತುದಿ ಮುರಿದು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿ ಅತ್ತೆ, "ಬೆಲ್ಲ ತರಾಕ ಕಳಿಸಿದ ಹುಡುಗ್ರೂ ಹಿಂಗ. ಮನಿ ಮುಟ್ಟೂದ್ರಾಗ ಅರ್ಧ" ಎಂದರು. ನಾವು ಒಯ್ದಿದ್ದ ಕಟಕ ರೊಟ್ಟಿ ಪೆಟ್ಟಿಗೆಯಲ್ಲಿ ಪುಡಿಯಾಗಿತ್ತು. ಅದನ್ನು ಮೊಸರಿಗೆ ಹಾಕಿ ಚಮಚೆಯಿಂದ ತಿಂದೆವು.

ಇಗರ್ಜಿಗಳಿಗೆ ಮಾತ್ರ ಅತ್ತೆ ಬರಲಿಲ್ಲ. ಪ್ರತಿಯೊಂದರ ಹೊರಗೆ ಬೆಂಚು ಹುಡುಕಿ ಕೂರುತ್ತಿದ್ದರು.

"ಅತ್ತಿ, ಇಲ್ಲಿ ಯಾರೂ ಬೂಟ ಬಿಡೂದಿಲ್ರಿ. ಹಾಂಗ ಬರ್ರಿ."

"ಅವರ ದೇವರಿಗೆ ಅವರ ರೂಢಿ ಆಗೇತಿ. ನನ್ನ ರೂಢಿ ಅವಗ ಗೊತ್ತಿಲ್ಲ. ನೀ ಹೋಗಿ ಬಾ."

ವರ್ಸೈ

ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ ಎಲ್ಲರೂ ತಲೆಯೆತ್ತಿ ಚಾವಣಿ ನೋಡುತ್ತಿದ್ದರು. ಅತ್ತೆ ಮೂಲೆಯ ಬೆಂಚಿನಲ್ಲಿ ಕೂತು ಬಂದವರ ಕಾಲು ನೋಡುತ್ತಿದ್ದರು. ಬೆರಳು ಹೋದ ಮೇಲೆ ಅವರಿಗೆ ಬಂದಿರುವ ಹವ್ಯಾಸ ಇದು. ಯಾರ ಹಿಮ್ಮಡಿ ಒಡೆದಿದೆ, ಯಾರಿಗೆ ಬೂಟು ಬಿಗಿಯಾಗಿದೆ ಎಂದು ಅವರಿಗೆ ಒಂದು ನೋಟಕ್ಕೆ ತಿಳಿಯುತ್ತದೆ. "ಆ ಕೆಂಪ ಬೂಟಿನಾಕಿ ಸಂಜಿಗೆ ಅಳ್ತಾಳ ನೋಡು" ಎಂದರು. ಸಂಜೆ ನಮ್ಮ ರೈಲಿನಲ್ಲೇ ಆಕೆ ಬೂಟು ಕಳಚಿ ಕಾಲು ಒತ್ತಿಕೊಳ್ಳುತ್ತ ಕೂತಿದ್ದಳು.

ರಾಣಿಯ ಮಲಗುವ ಕೋಣೆಯಲ್ಲಿ ಅತ್ತೆಯ ಪ್ರಶ್ನೆ ಒಂದೇ: ಇಷ್ಟು ದೊಡ್ಡ ಮನೆಯಲ್ಲಿ ಬಚ್ಚಲೆಲ್ಲಿ? ನಮ್ಮ ಜೊತೆಗಿದ್ದ ಸಾಂಗ್ಲಿಯ ಗೈಡ್ ಹುಡುಗಿ ಪ್ರಾಜಕ್ತಾ, ಆಗಿನವರು ಹೆಚ್ಚು ಸ್ನಾನ ಮಾಡುತ್ತಿರಲಿಲ್ಲವೆಂದು ಹೇಳುತ್ತಾರೆ ಎಂದಳು. ಅತ್ತೆ ಬಂಗಾರದ ಮಂಚವನ್ನು ಇನ್ನೊಮ್ಮೆ ನೋಡಿ, "ಹಂಗಾದ್ರ ಬ್ಯಾಡ" ಎಂದರು, ಯಾರೋ ಅದನ್ನು ಅವರಿಗೆ ಕೊಡಲು ಬಂದಿದ್ದಂತೆ. ವಿಜಯಪುರದಲ್ಲಿ ನಮ್ಮ ಅರಮನೆಗಳಿಗೆ ಚಾವಣಿಯೇ ಉಳಿದಿಲ್ಲ. ಆಕಾಶ ನೋಡಿಕೊಂಡು ಬರುತ್ತೇವೆ. ಎರಡರಲ್ಲಿ ಯಾವುದು ಕಣ್ಣಿಗೆ ಹಿತ ಎಂದು ನನಗೆ ಹೇಳಲಾಗದು.

ರುಆಂ

ಗಂಡಸರು ದಕ್ಷಿಣದ ತೋಟಗಳಿಗೆ ಬಸ್ಸಿನಲ್ಲಿ ಹೋದರು. ಉಳಿದ ಹೆಂಗಸರು ಪ್ಯಾರಿಸ್ಸಿನ ಅಂಗಡಿಗಳನ್ನು ಆರಿಸಿಕೊಂಡರು. ಪ್ರಾಜಕ್ತಾ ನಮ್ಮಿಬ್ಬರಿಗೆ ಟಿಕೆಟು ಮಾಡಿಸಿ ರುಆಂ ಎಂಬ ಊರಿನ ರೈಲು ಹತ್ತಿಸಿದಳು. ಅಲ್ಲಿ ಉಳಿದು, ಮುಂದೆ ನೀರೊಳಗಿನ ಗುಡ್ಡಕ್ಕೆ.

ರುಆಂನಲ್ಲಿ ಮನೆಗಳು ಮರದ ಪಟ್ಟಿ ಅಡ್ಡಡ್ಡ ಬಡಿದು ಕಟ್ಟಿದವು. ಹಳೆಯದಾಗಿ ಒಂದರ ಮೇಲೊಂದು ವಾಲಿ, ಜಾತ್ರೆ ಬಸ್ಸಿನಲ್ಲಿ ನಿಂತವರಂತೆ ಕಾಣುತ್ತವೆ. ಬೀದಿಯ ಮೇಲೆ ಕಮಾನು ಕಟ್ಟಿ ದೊಡ್ಡ ಗಡಿಯಾರ ಇಟ್ಟಿದ್ದಾರೆ. ಅದಕ್ಕೆ ಒಂದೇ ಮುಳ್ಳು. ಗಂಟೆ ತಿಳಿಯುತ್ತದೆ, ನಿಮಿಷ ತಿಳಿಯುವುದಿಲ್ಲ. ಅತ್ತೆಗೆ ಇದು ಸರಿ ಎನಿಸಿತು.

ಕುರಿ ಕಾಯುತ್ತಿದ್ದ ಹುಡುಗಿಯೊಬ್ಬಳು ದಂಡು ಕಟ್ಟಿ ಹೋರಾಡಿ, ಕೊನೆಗೆ ಸೆರೆ ಸಿಕ್ಕು ಸುಡಿಸಿಕೊಂಡ ಚೌಕ ಇದೇ ಊರಿನಲ್ಲಿದೆ. ಆ ಕಥೆಯನ್ನು ನಮ್ಮ ಸಿಸ್ಟರು ಕಣ್ಣು ಒರೆಸಿಕೊಂಡು ಹೇಳುತ್ತಿದ್ದರು. ನಾನು ಅತ್ತೆಗೆ ಹೇಳಿದೆ. ಸುಟ್ಟವರೇ ಎಷ್ಟೋ ಕಾಲದ ಮೇಲೆ ಆಕೆಯನ್ನು ಸಂತಳೆಂದು ಕರೆದರು ಎಂದೂ ಹೇಳಿದೆ.

"ಎಲ್ಲಾ ಕಡಿ ಹಂಗ" ಎಂದರು ಅತ್ತೆ. "ಸತ್ತ ಮ್ಯಾಲೆ ಶ್ಯಾಣ್ಯಾರಾಗ್ತಾರ."

ತುಂತುರು ಮಳೆ ಶುರುವಾಯಿತು. ಹತ್ತಿರದ ಒಂದು ಸಣ್ಣ ಇಗರ್ಜಿಯ ಬಾಗಿಲ ಮಾಡಿನ ಕೆಳಗೆ ನಿಂತೆವು. ಬಾಗಿಲ ಪಕ್ಕದಲ್ಲಿ ರಟ್ಟು ಹಾಸಿಕೊಂಡು ಗಡ್ಡದವನೊಬ್ಬ ಕೂತಿದ್ದ. ಮುಂದೆ ನಾಣ್ಯ ಬಿದ್ದ ಲೋಟ. ಪಕ್ಕದಲ್ಲಿ ಒಂದು ಜೋಡಿ ಹಳೆಯ ಬೂಟು, ನೀಟಾಗಿ ಜೋಡಿಸಿಟ್ಟದ್ದು. ನಾನು ಕೊಡೆ ಮಡಚುತ್ತಿದ್ದೆ. ಅತ್ತೆ ಅವನನ್ನೂ ಆ ಬೂಟುಗಳನ್ನೂ ಬಹಳ ಹೊತ್ತು ನೋಡಿದರು. ಅವರ ಮುಖಕ್ಕೆ ಒಂದು ಕಳೆ ಬಂತು.

"ಸರೋಜಾ, ಇಲ್ಲಿ ಕಾಲ್ಮರಿ ಕಾಯಾಂವ ಅದಾನ. ಅಂದ್ರ ಈ ಗುಡ್ಯಾಗ ಬಿಟ್ಟ ಹೋಗ್ತಾರ."

ನಮ್ಮ ಕಡೆಯ ಗುಡಿಯ ಬಾಗಿಲಲ್ಲಿ ಅಂಥವರು ಇದ್ದೇ ಇರುತ್ತಾರೆ, ಕಾಲ್ಮರಿ ಒಪ್ಪಿಸಿ ಕೈಗೊಂದು ನಾಣ್ಯ ಹಾಕಿದರೆ ಒಳಗೆ ನಿಶ್ಚಿಂತೆ. ನನಗೆ ಅನುಮಾನ ಬರಬೇಕಿತ್ತು. ಆದರೆ ನಾನೂ ಅಲ್ಲಿಯವಳೇ. ಸಾಲಾಗಿ ಇಟ್ಟ ಬೂಟು, ಲೋಟ, ಬಾಗಿಲು ಎಲ್ಲ ಲೆಕ್ಕಕ್ಕೆ ಸರಿ ಕೂತಿತು.

"ಡಾಕ್ಟರು..." ಎಂದೆ.

"ಉಣ್ಣಿ ಕಾಲಚೀಲ ಅದಾವ. ಕಲ್ಲು ಕಾದಿಲ್ಲ, ತಂಪೈತಿ. ಇಷ್ಟ ದೂರ ಬಂದು ಯಾವ ಗುಡಿಯೊಳಗೂ ಹೋಗ್ದ ಬಂದೆ ಅಂತ ಹೇಳ್ಲೇನು ತಂಗಡಗ್ಯಾಗ?"

ಕಾಲ್ಮರಿ ಬಿಟ್ಟು ಅವನ ಮುಂದೆ ಜೋಡಿಸಿಟ್ಟರು, ಲೋಟಕ್ಕೆ ನಾಣ್ಯ ಹಾಕಿದರು, "ಜ್ವಾಕಿಪಾ" ಎಂದರು. ಅವನು ಕಾಲ್ಮರಿಯನ್ನೂ ಅವರನ್ನೂ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ. ನಾನು ಬೂಟಿನ ಲೇಸಿನ ಗಂಟು ಬಿಚ್ಚುವಷ್ಟರಲ್ಲಿ ಅತ್ತೆ ಒಳಗೆ ಹೋಗಿಯಾಗಿತ್ತು. ನಾನು ಬೂಟು ಹಾಕಿಕೊಂಡೇ ಹಿಂದೆ ಓಡಿದೆ.

ಒಳಗೆ ಯಾರೂ ಇರಲಿಲ್ಲ. ಬಣ್ಣದ ಗಾಜಿನಿಂದ ನೀಲಿ ಬೆಳಕು ನೆಲಕ್ಕೆ ಬಿದ್ದಿತ್ತು. ಅತ್ತೆ ಅವಸರ ಮಾಡದೆ ಒಂದೊಂದೇ ಕಂಬ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ ಹೋದರು. ಕೂಸನ್ನೆತ್ತಿಕೊಂಡ ತಾಯಿಯ ಮೂರ್ತಿಯ ಮುಂದೆ ಮೇಣದ ದೀಪ ಹಚ್ಚಿ ಕೂತರು. ಎಷ್ಟೋ ಹೊತ್ತಿನ ಮೇಲೆ, "ಎರಡ ವರ್ಷದ ಮ್ಯಾಲೆ ಗುಡಿ ಕಲ್ಲು ಕಾಲಿಗೆ ಹತ್ತೇತಿ" ಎಂದರು. ನನಗೆ ಹೇಳಿದ್ದಲ್ಲ.

ಹೊರಗೆ ಬಂದಾಗ ಗಡ್ಡದವನು ಇರಲಿಲ್ಲ. ಲೋಟ ಇರಲಿಲ್ಲ. ಎರಡೂ ಜೋಡಿ ಇರಲಿಲ್ಲ. ಒದ್ದೆಯಾದ ರಟ್ಟು ಬಿದ್ದಿತ್ತು.

"ಉಣ್ಣಾಕ ಹೋಗಿರಬೇಕು. ಬರ್ತಾನ."

ಕಾದೆವು. ಪಾರಿವಾಳಗಳು ಬಂದು ರಟ್ಟಿನ ಮೇಲೆ ಅಡ್ಡಾಡಿದವು.

"ಅವಾ ಚೀಟಿಗೀಟಿ ಏನರ ಕೊಟ್ನೇನ್ರಿ ಅತ್ತಿ?"

"ಇಲ್ಲ. ಎದಿ ಮ್ಯಾಲೆ ಕೈ ಇಟ್ಕೊಂಡ. ಜ್ವಾಕಿ ಮಾಡ್ತೇನಿ ಅಂದ ಅಂತ ತಿಳದೆ."

ಆಗ ನನಗೆ ಲೋಟ ಬೇರೆಯ ಹಾಗೆ ಕಾಣತೊಡಗಿತು. ಅವನು ಕಾಯುವವನಲ್ಲ, ಬೇಡುವವನು. ಹಿರಿಯ ಹೆಂಗಸೊಬ್ಬರು ಮಳೆಯಲ್ಲಿ ಬಂದು, ತಮ್ಮ ಕಾಲಲ್ಲಿದ್ದದ್ದನ್ನೇ ಕಳಚಿ ಕೊಟ್ಟು, ಮೇಲೊಂದು ನಾಣ್ಯ ಹಾಕಿ, ದೇವರ ಬಳಿಗೆ ಹೋದರು. ಅವನಿಗೆ ತಿಳಿದದ್ದು ಅಷ್ಟು. ಅತ್ತೆಗೆ ಬಿಡಿಸಿ ಹೇಳಿದೆ. ಅವರು ತಮ್ಮ ಕಾಲಚೀಲ ನೋಡಿಕೊಂಡು, "ಮತ್ತ ನಾ ಈಗ ನಡಿಯೂದು ಹ್ಯಾಂಗ?" ಎಂದರು.

ಹಸಿರು ದೀಪದ ಅಂಗಡಿ

ನನ್ನ ಬೂಟು ಅವರ ಪಾದಕ್ಕೆ ಹಿಡಿಸಲಿಲ್ಲ. ಟ್ಯಾಕ್ಸಿ ಯಾವುದೂ ನಿಲ್ಲಲಿಲ್ಲ. ಬೀದಿ ಪೂರ್ತಿ ಗುಂಡುಕಲ್ಲು. ಒದ್ದೆ ಕಾಲಚೀಲದಲ್ಲಿ ಅತ್ತೆ ನನ್ನ ಭುಜ ಹಿಡಿದು ನಡೆದರು. ಹಸಿರು ದೀಪದ ಶಿಲುಬೆಯಿದ್ದರೆ ಔಷಧದ ಅಂಗಡಿ ಎಂದು ಪ್ರಾಜಕ್ತಾ ಹೇಳಿದ್ದಳು. ಅಂಥದ್ದೊಂದು ಕಂಡಿತು. ಒಳಗೆ ಹೋಗಿ ಬೊಂಜೂರ್ ಹೇಳಲು ನಾನು ಮರೆತೆ. ಅತ್ತೆ ಮರೆಯಲಿಲ್ಲ.

ಬಿಳಿ ಕೋಟಿನ ನಡುವಯಸ್ಸಿನ ಹೆಂಗಸು ನಿಧಾನದ ಇಂಗ್ಲಿಷಿನಲ್ಲಿ ಏನಾಯಿತೆಂದು ಕೇಳಿ, ಅತ್ತೆಯನ್ನು ಕೂರಿಸಿ, ನೆಲಕ್ಕೆ ಮಂಡಿಯೂರಿ ಕಾಲು ಕೈಗೆತ್ತಿಕೊಂಡಳು. ಅತ್ತೆ ಬೆಂಕಿ ತಗುಲಿದಂತೆ ಕಾಲು ಹಿಂದಕ್ಕೆಳೆದುಕೊಂಡರು.

"ಕಾಲ ಮುಟ್ಟಬ್ಯಾಡ ಅನ್ನು ಆಕಿಗೆ. ನನ್ನ ಮಗಳ ಆಸುಪಾಸಿನಾಕಿ."

ನಾನು ಹೇಳುವ ಮೊದಲೇ ಆಕೆ ಮತ್ತೆ ಕಾಲು ಹಿಡಿದಿದ್ದಳು. ಬೇರೆ ದಾರಿ ಕಾಣದೆ ಅತ್ತೆ ಆಕೆಯ ತಲೆಯ ಮೇಲೆ ಕೈಯಿಟ್ಟರು. ಆಕೆ ಮುಖ ಎತ್ತಿ ನೋಡಿ, ಏನೂ ಕೇಳದೆ, ಕಾಲಚೀಲ ಬಿಚ್ಚಿದಳು. ಎಡ ಹಿಮ್ಮಡಿಯಲ್ಲಿ ತರಚಿತ್ತು. ಬಿಳಿ ಉಣ್ಣೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ರಕ್ತ. ಅತ್ತೆಗೆ ನೋವೇ ತಿಳಿದಿರಲಿಲ್ಲ.

ಆಕೆ ತೊಳೆದು ಪಟ್ಟಿ ಹಾಕಿದಳು. ಬೆಳಗ್ಗೆ ಸಂಜೆ ನೋಡಿ, ಕೆಂಪಗಾದರೆ, ಬಿಸಿಯೆನಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದಳು. ನಂತರ ಹಿಂದಿನ ಕಪಾಟಿನಿಂದ ಬೂದು ಬಣ್ಣದ ಈ ಪಾದರಕ್ಷೆ ತಂದಳು. ನಮ್ಮಲ್ಲಿ ಔಷಧದ ಅಂಗಡಿಯಲ್ಲಿ ಪಾದರಕ್ಷೆ ಸಿಗುವುದಿಲ್ಲ. ಅಲ್ಲಿ ಇಂಥ ಕಾಲಿನವರಿಗೆಂದೇ ಇಡುತ್ತಾರಂತೆ.

ಲಾಡ್ಜಿಗೆ ಬಂದು ಯಜಮಾನರಿಗೆ ಫೋನು ಮಾಡಿದೆ. "ಸಾಕು ಇನ್ನ, ಪ್ಯಾರಿಸ್ಸಿಗೆ ತಿರುಗಿ ಬರ್ರಿ. ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ" ಎಂದರು. ಅತ್ತೆ ಫೋನು ಇಸಿದುಕೊಂಡು, "ಗುಡ್ಡ ಇರ್ತೈತಿ. ನಾ ಇರಬೇಕಲ್ಲ" ಎಂದು ತಿರುಗಿ ನನ್ನ ಕೈಗೆ ಕೊಟ್ಟರು.

ನಾನು ಒಂದು ಮಾತು ಕೇಳಿದೆ. ಬೆಳಗ್ಗೆ ಗಾಯ ಸ್ವಚ್ಛವಿದ್ದರೆ ಮುಂದೆ ಹೋಗೋಣ, ಆದರೆ ಯಾವ ದೇವರ ಮುಂದೆಯೂ ಇನ್ನು ಬರಿಗಾಲಾಗುವುದಿಲ್ಲ ಎಂದು ಮಾತು ಕೊಡಬೇಕು. ಅವರು ಕೊರಳ ಲಿಂಗ ಮುಟ್ಟಿ, "ಆಗಂಗಿಲ್ಲ ತೊಗೋ" ಎಂದರು. ಆ ಮಾತಿನ ಬೆಲೆ ನನಗೆ ಗೊತ್ತಿತ್ತು. ಕಾಲು ಉಳಿಯಿತು, ಗುಡಿ ಹೋಯಿತು.

ರುಆಂ, ಮರುದಿನ

ಬೆಳಗ್ಗೆ ಹಿಮ್ಮಡಿ ಒಣಗಿತ್ತು, ಕೆಂಪಾಗಿರಲಿಲ್ಲ. ಸ್ಟೇಷನ್ನಿಗೆ ಹೋಗುವ ದಾರಿ ಅದೇ ಇಗರ್ಜಿಯ ಮುಂದೆ ಹಾಯುತ್ತದೆ. ಗಡ್ಡದವನು ಹಳೆಯ ಜಾಗದಲ್ಲೇ ಕೂತಿದ್ದ. ಅವನ ಮುಂದೆ ಅತ್ತೆಯ ಕಾಲ್ಮರಿ, ನೀಟಾಗಿ ಜೋಡಿಸಿಟ್ಟದ್ದು.

ನಮ್ಮನ್ನು ಕಂಡ ಕೂಡಲೇ ಎದ್ದು ನಿಂತು ಏನೇನೋ ಹೇಳತೊಡಗಿದ. ಅದೇ ಹೊತ್ತಿಗೆ ಬಿಳಿ ಹೂಗಳನ್ನು ತೋಳಲ್ಲಿ ಹಿಡಿದ ಮುದುಕಿಯೊಬ್ಬರು ಇಗರ್ಜಿಯೊಳಗೆ ಹೂವು ಬದಲಿಸಲು ಬಂದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಅವನ ಮಾತನ್ನು ನನಗೆ ಹೇಳಿದರು, ನಾನು ಅತ್ತೆಗೆ ಹೇಳಿದೆ.

ಅವನು ಆ ಕಾಲ್ಮರಿಯನ್ನು ತನ್ನ ಪರಿಚಯದ ಹೆಂಗಸಿಗೆ ಕೊಡಲು ಒಯ್ದಿದ್ದನಂತೆ. ಆಕೆಯ ಎಡಗಾಲು ಒಳಗೆ ಹೋಗಲಿಲ್ಲ. ಕೈಹಾಕಿ ನೋಡಿದರೆ ಉಣ್ಣೆ ತುಂಬಿದೆ. ಆಕೆ ಹೇಳಿದಳಂತೆ, ಇದು ಯಾರದೋ ನೋಯುವ ಕಾಲಿನದು, ಇಂಥದ್ದನ್ನು ಯಾರೂ ಕೊಟ್ಟುಬಿಡುವುದಿಲ್ಲ, ತಿರುಗಿ ಒಯ್ದು ಕೂರು.

"ಅವರು ಯಾಕೆ ಕೊಟ್ಟರು ಅಂತ ಇವನು ಕೇಳುತ್ತಿದ್ದಾನೆ" ಎಂದರು ಹೂವಿನ ಮುದುಕಿ.

ಕಾಲ್ಮರಿ ಕಾಯುವವರ ವಿಷಯ ವಿವರಿಸಲು ನನ್ನ ಕಾನ್ವೆಂಟ್ ಇಂಗ್ಲಿಷ್ ಸಾಕಾಯಿತು. ಮುದುಕಿ ಅರ್ಧಕ್ಕೇ ನಗತೊಡಗಿ, ನಗುತ್ತಲೇ ಅವನಿಗೆ ಹೇಳಿದರು. ಅವನು ನಗಲಿಲ್ಲ. ಒಂದು ಪ್ರಶ್ನೆ ಕೇಳಿದ.

"ನಿಮ್ಮ ಊರಿನಲ್ಲಿ ಅದು ಕೆಲಸವೇ, ಅಂತ ಕೇಳುತ್ತಾನೆ. ದಿನವೂ ಇರುತ್ತದೆಯೇ?"

"ಸೋಮವಾರ, ಅಮಾಸಿಗೆ ಭಾಳ ಇರ್ತೈತಿ ಅಂತ ಹೇಳು" ಎಂದರು ಅತ್ತೆ. ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಅವನ ಕೈಗಿಟ್ಟರು. "ರಾತ್ರಿ ಬೈದಿದ್ನೆಪಾ ನಿನಗ. ಮನಸಿನ್ಯಾಗ ಹಿಡಿಬ್ಯಾಡ." ಇದನ್ನು ಅನುವಾದಿಸಲು ನಾನು ಹೋಗಲಿಲ್ಲ. ಅವನು ಅಲ್ಲೇ ಮುರಿದು ಬಾಯಿಗೆ ಹಾಕಿಕೊಂಡು ಎದೆಯ ಮೇಲೆ ಕೈಯಿಟ್ಟುಕೊಂಡ. ಅತ್ತೆ ಅವನ ಎದುರಿಗೇ ಬೂದು ಪಾದರಕ್ಷೆ ಕಳಚಿ ತಮ್ಮ ಹಳೆಯದನ್ನು ಮೆಟ್ಟಿಕೊಂಡರು. ಹೊಸದು ನನ್ನ ಚೀಲ ಸೇರಿತು. ಮತ್ತೆ ಅದನ್ನು ಅವರು ಹಾಕಲೇ ಇಲ್ಲ.

ಮೋಂ ಸೇಂ ಮಿಶೆಲ್

ರೈಲು, ಆಮೇಲೆ ಬಸ್ಸು. ಬಯಲು, ಮೇಯುವ ಕುರಿಗಳು, ಅದರಾಚೆ ಒಮ್ಮೆಲೇ ಆ ಗುಡ್ಡ. ತರಗತಿಯ ಗೋಡೆಯ ಮೇಲಿದ್ದದ್ದಕ್ಕಿಂತ ಜನ ಹೆಚ್ಚು. ಉಳಿದದ್ದು ಹಾಗೆಯೇ. ಗುಡ್ಡದ ಸುತ್ತ ನೀರೇ ಇರಲಿಲ್ಲ, ಕಣ್ಣು ಹಾಯುವ ತನಕ ಒದ್ದೆ ಮರಳು.

"ನೀರ ಎಲ್ಲೈತಿ?" ಎಂದರು ಅತ್ತೆ, ನಾನೇ ಖಾಲಿ ಮಾಡಿಸಿದಂತೆ.

ಮೆಟ್ಟಿಲು ಬಹಳ. ಹತ್ತು ಹತ್ತಿ ಒಮ್ಮೆ ಕೂತು, ಊರಿಂದ ತಂದ ಇಂಡಿ ಲಿಂಬೆಹಣ್ಣು ಮೂಸಿ, ಮತ್ತೆ ಹತ್ತಿದೆವು. ಕೂಡಲಸಂಗಮದಲ್ಲಿ ನೀರಿನ ನಡುವಿನ ಬಾವಿಯಂಥ ಜಾಗದೊಳಗೆ ಇಳಿದು ಇಳಿದು ಹೋಗಿ ದರ್ಶನ ಮಾಡುತ್ತೇವೆ, ಇವರು ಹತ್ತಿ ಹತ್ತಿ ಹೋಗುತ್ತಾರೆ. ಮಂಡಿಗೆ ಎರಡೂ ಒಂದೇ.

ತುದಿಯಲ್ಲಿ ಇಗರ್ಜಿಯ ಬಾಗಿಲು. ಬಾಗಿಲ ಮುಂದೆ ದೊಡ್ಡ ಕಲ್ಲಿನ ಅಂಗಳ, ಅಂಗಳದ ಅಂಚಿಗೆ ಆಕಾಶ. ಅತ್ತೆ ಬಾಗಿಲ ಹತ್ತಿರ ಹೋದರು. ಹೊಸ್ತಿಲ ಈಚೆ ನಿಂತರು. ಒಮ್ಮೆ ಕಾಲ ಕಡೆ ನೋಡಿಕೊಂಡರು, ಒಮ್ಮೆ ನನ್ನ ಕಡೆ ನೋಡಿದರು. ಒಳಗಿನ ಕಾವಲಿನ ಹುಡುಗಿ ಬನ್ನಿ ಬನ್ನಿ ಎಂದು ಕೈ ಮಾಡಿದಳು. "ಬೊಂಜೂರ್ರೀ" ಎಂದು ಅತ್ತೆ ಕೈ ಮುಗಿದು, ತಿರುಗಿ ಹೋಗಿ ಅಂಗಳದ ಅಂಚಿನ ಗೋಡೆಯ ಬಳಿ ಕೂತರು.

"ನೀ ಹೋಗವಾ. ನಿಂದ ಸಾಲಿ ಚಿತ್ರ ಅದು. ನನ್ನ ಹೆಸರಿಲೆ ಒಂದ ದೀಪ ಹಚ್ಚು."

ಒಳಗೆ ಬರೀ ಕಲ್ಲು, ಎತ್ತರ, ಬೆಳಕು. ಬಿಳಿ ನಿಲುವಂಗಿಯವರು ನಾಲ್ಕಾರು ಜನ ಮಂಡಿಯೂರಿ ಹಾಡುತ್ತಿದ್ದರು. ಶಾಲೆಯ ಬೆಳಗಿನ ಪ್ರಾರ್ಥನೆ ನೆನಪಾಯಿತು. ಇಷ್ಟು ವರ್ಷ ನೋಡಬೇಕೆಂದಿದ್ದ ಜಾಗ ಇದು. ಆದರೆ ನಾನು ಬಾಗಿಲ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದೆ. ದೀಪ ಹಚ್ಚಿ ಬೇಗ ಹೊರಬಂದೆ.

ಅತ್ತೆ ಗೋಡೆಗೆ ಕೈಯಾನಿಸಿ ಎದ್ದು ನಿಂತಿದ್ದರು. ದೂರದಲ್ಲಿ ಮರಳಿನ ಮೇಲೆ ಬೆಳ್ಳಿಯ ಗೆರೆಯೊಂದು ಹರಿದು ಬರುತ್ತಿತ್ತು. ನೋಡುತ್ತಿದ್ದಂತೆ ಅಗಲವಾಯಿತು. ಸದ್ದಿಲ್ಲ. ಸಣ್ಣ ಸಣ್ಣ ಕಾಲುವೆಗಳು ತುಂಬಿಕೊಂಡವು, ಒಂದಕ್ಕೊಂದು ಕೂಡಿದವು, ಗುಡ್ಡದ ಬುಡದ ತನಕ ಬಂದವು.

"ಶ್ರಾವಣದಾಗ ನಮ್ಮ ಹೊಳಿ ಹಿಂಗ ಬರ್ತಿತ್ತು. ನೀಲಮ್ಮನ ಗುಡಿ ಮೆಟ್ಟಲಾ ಒಂದೊಂದ ಮುಳಗಿಸ್ಕೋತ. ನಾವು ಹುಡುಗ್ಯಾರು ದಂಡಿಮ್ಯಾಲೆ ನಿಂತು, ಯಾ ಮೆಟ್ಟಲ ತನಕ ಬರ್ತೈತಿ ಅಂತ ಶರತ್ತ ಕಟ್ತಿದ್ವಿ."

"ಇಲ್ಲಿ ದಿನಕ್ಕ ಎರಡ ಸಲ ಬರ್ತೈತಂತ್ರಿ."

"ದಿನಕ್ಕ ಎರಡ ಸಲ?" ಎಂದರು. "ಹಂಗಾದ್ರ ಇಲ್ಲಿ ಹೆಣ್ಣಮಕ್ಕಳು ತವರಿಗೆ ಹೋಗೂದು ಹ್ಯಾಂಗ?"

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಒಳಗ ಹ್ಯಾಂಗೈತಿ?"

"ಖಾಲಿ ಐತ್ರಿ. ಬರೇ ಕಲ್ಲು, ಬೆಳಕು."

"ದೇವರು?"

"ನನಗ ಕಾಣ್ಲಿಲ್ರಿ."

"ಹೊರಗ ಬಂದಿರಬೇಕು ಬಿಡು, ನೀರ ನೋಡಾಕ."

ನಗಿಸಲು ಹೇಳಿದ್ದೆಂದು ತಿಳಿಯಿತು, ನಕ್ಕೆ. ಇಳಿಯುವಾಗ ಅವರು ಒಮ್ಮೆ ನಿಂತು ಬಾಗಿಲ ಕಡೆ ತಿರುಗಿ ನೋಡಿದರು. ಅದನ್ನು ನಾನು ಕಂಡೆನೆಂದು ಅವರಿಗೆ ತಿಳಿಯಬಾರದೆಂದು ಮೆಟ್ಟಿಲು ನೋಡುತ್ತ ಇಳಿದೆ.

ಬಸವನ ಬಾಗೇವಾಡಿ, ಅದೇ ಸಂಜೆ

ಇಷ್ಟು ಬರೆದು ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮಾಬೂಬಿ ಕಾಕಿ ಬಂದು ಕಟ್ಟೆಯ ಮೇಲೆ ಕೂತರು. ಅತ್ತೆ ಮೆಂತ್ಯದ ಸೂಡು ಬಿಚ್ಚಿ ಸೋಸುತ್ತಿದ್ದರು. ಕಾಕಿಯೂ ಒಂದು ಹಿಡಿ ತೆಗೆದುಕೊಂಡು ಎಲೆ ಬಿಡಿಸತೊಡಗಿದರು. ನಮ್ಮ ಎರಡು ಮನೆಗಳ ನಡುವೆ ಗೋಡೆ ಇರುವುದು ಬಟ್ಟೆ ಒಣಹಾಕಲು ಮಾತ್ರ.

ಗಡ್ಡದವನ ಕಥೆಯನ್ನು ಅತ್ತೆ ಕಾಕಿಗೆ ಮತ್ತೊಮ್ಮೆ ಹೇಳಿದರು. ಕಾಕಿ ಮತ್ತೊಮ್ಮೆ ನಕ್ಕರು.

"ಅಲ್ಲಬೇ ಗೌರಕ್ಕ, ಅಷ್ಟ ದೂರ ಹೋಗಿ ನೀರಾಗಿನ ಗುಡಿ ಬಾಗಲದಾಗ ಕುಂತ ಬಂದಿಯಲ್ಲ."

"ಮತ್ತೇನ ಮಾಡ್ಲಿ? ಲಿಂಗ ಮುಟ್ಟಿ ಮಾತ ಕೊಟ್ಟೇನಿ ಈಕಿಗೆ. ಬೀದಿ ತುಳದದ್ದನ್ನ ಹಾಕ್ಕೊಂಡು ಅವನ ಮುಂದ ನಿಂದರಾಕ ಮನಸ ಬರಂಗಿಲ್ಲ. ಇಲ್ಲೀ ಬಸವಣ್ಣಗೂ ಇವತ್ತ ಬಾಗಲದಾಗಿಂದನ ಹೇಳಿ ಬಂದೇನಿ, ಬಂದೇನಪಾ ಅಂತ."

ಮೆಂತ್ಯದ ಕಡ್ಡಿಗಳು ಒಂದು ಕಡೆ, ಎಲೆಗಳು ಒಂದು ಕಡೆ ಬೀಳುತ್ತಿದ್ದವು. ಗೋಡೆಯ ಮೇಲಿದ್ದ ಬೂದು ಪಾದರಕ್ಷೆ ಒಣಗಿತ್ತು. ಒಳಗೆ ತರಲೆಂದು ನಾನು ಎದ್ದೆ. ಕಾಕಿ ಸೆರಗು ಝಾಡಿಸಿ ತಾವೂ ಎದ್ದರು. ಗೋಡೆಯ ಹತ್ತಿರ ಬಂದು ಒಂದನ್ನು ಎತ್ತಿ, ತಿರುಗಿಸಿ ತಳ ನೋಡಿ, ನನ್ನ ಕೈಗಿಟ್ಟರು.

"ನಮ್ಮ ಅಬ್ಬಾಗೂ ಸಕ್ಕರಿ ಇತ್ತಲ್ಲ. ಮಸೂತಿಗೆ ಅಂತನ ಒಂದ ಜೋಡಿ ಬಟ್ಟಿ ಕಾಲ್ಮರಿ ಬ್ಯಾರೆ ಇಟ್ಟಿದ್ರು. ಹೊರಗಿನವು ಬಾಗಲದಾಗ ಬಿಡಾವ್ರು, ಅವನ್ನ ಹಾಕ್ಕೊಂಡು ಒಳಗ ಹೋಗಾವ್ರು, ನೆಲಾನೂ ಹೊಲಸಾಗ್ತಿರಲಿಲ್ಲ, ಕಾಲೂ ಕೆಡಲಿಲ್ಲ. ಇವಂತೂ ತೊಳದ ಇಟ್ಟೀರಿ, ಓಣಿಗೊಂದು ಗುಡಿಗೊಂದು ಎರಡ ಜೋಡಿನೂ ಆದ್ವು. ಹೂಂ, ನಿಮ್ಮ ಕರಿಬೇವು ಎಷ್ಟ ಚಿಗತೈತಿ ನೋಡು, ಒಗ್ಗರಣಿಗೆ ನಾಕ ಎಲಿ ಹರ್ಕೋತೇನಿ."